ಜನವರಿ ರವಿವಾರ, ಹೊಲದಾಗ ಸೀತನಿ: ಹದಿನೈದು ಮಂದಿಗೆ ಎಷ್ಟು ತೆನಿ, ಎಷ್ಟು ಕುಳ್ಳು?

ಸ್ಲೀಪರ್ ಬಸ್:
ಸಂಕ್ರಾಂತಿಗೆ ಮುಂಚಿನ ಭಾನುವಾರ ಬಸವನಬಾಗೇವಾಡಿ ಹತ್ತಿರ ಅತ್ತೆಯವರ ಊರಲ್ಲಿ ಎಲ್ಲರೂ ಸೇರುತ್ತಿದ್ದೇವೆ. ದೊಡ್ಡವರು ಹನ್ನೊಂದು, ಮಕ್ಕಳು ನಾಲ್ಕು. ರಾತ್ರಿ ಬಸ್ಸಿಗೆ ವಾಪಸ್. ಆವತ್ತು ಬೇರೆ ಕಾರ್ಯಕ್ರಮ ಏನೂ ಇಲ್ಲ. ಹೊಲಕ್ಕೆ ಹೋಗಿ ಸೀತನಿ, ಅಂದರೆ ಜೋಳದ ಎಳೆ ತೆನೆ, ಸುಟ್ಟು ತಿಂದು ಬೇವಿನ ಮರದ ಕೆಳಗೆ ಬಿದ್ದುಕೊಳ್ಳುವುದಷ್ಟೇ. ಹೊಲದಲ್ಲಿರುವುದು ಮಾಲದಂಡಿ ಜೋಳ, ಸೆಪ್ಟೆಂಬರ್ ಕೊನೆಯ ವಾರದ ಬಿತ್ತನೆ. ಮನೆಯಲ್ಲಿ ಈಗ ಇರುವವರಿಗೆಲ್ಲ ಸೀತನಿ ತಿಂದು ಗೊತ್ತು, ಸುಟ್ಟು ಗೊತ್ತಿಲ್ಲ. ಹದವಾದ ತೆನೆ ಗುರುತಿಸುವುದು ಹೇಗೆ, ಎಷ್ಟು ಕೊಯ್ಯಬೇಕು, ಕುಳ್ಳು (ಬೆರಣಿ) ಎಷ್ಟು, ಎಷ್ಟು ಹೊತ್ತು ಸುಡಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಕರಿಭೂಮಿ:
ಅಕ್ಕಾರ, ಮೊದಲ ಕ್ಯಾಲೆಂಡರ್ ತಗೀರಿ. ಸೆಪ್ಟೆಂಬರ್ ಕೊನೀ ವಾರದ ಬಿತ್ತಿಗಿ ಅಂದ್ರ ಆ ರವಿವಾರಕ್ಕ ಹತ್ತಿರ ಹತ್ತಿರ 105 ದಿನ ಆಗತೈತಿ. ಮಾಲದಂಡಿ ಹೂವಿಗೆ ಬರೂದು 70–75 ದಿನಕ್ಕ. ಹೂವಾದ ಮ್ಯಾಲೆ 18ರಿಂದ 25 ದಿನದಾಗ ಸೀತನಿ ಹದ. ಅಂದ್ರ ಬಿತ್ತಿದ ಮ್ಯಾಲೆ 90–98 ದಿನ. 115–120 ದಿನಕ್ಕ ಬೆಳಿ ಕೊಯ್ಲಿಗೇ ಬರತೈತಿ. ನಿಮ್ಮ ಹೊಲದ ತೆನಿ ಆವತ್ತಿಗೆ ಬಲತು ಹೋಗಿರತಾವು. ಸುಟ್ರ ಕಾಳ ಬರತಾವ ಖರೆ, ಅಗಿದ್ರ ಹಿಟ್ಟು ಹಿಟ್ಟು. ಅದಕ್ಕ ಸೀತನಿ ಅನ್ನಂಗಿಲ್ಲ.

ಅಕ್ಟೋಬರ್ ಎರಡನೇ ವಾರ ಬಿತ್ತಿದ ಹೊಲ ಯಾವುದೈತಿ ಅಂತ ಈಗ್ಲೇ ಫೋನ್ ಮಾಡಿ ಕೇಳ್ರಿ. ಮಳಿ ಬಿಡುವು ಕೊಡಲಾರದ್ದಕ್ಕ ಹಿಂದ ಬಿದ್ದ ಹೊಲ ಊರಿಗೆ ಒಂದೆರಡು ಇದ್ದೇ ಇರತಾವು. ಸೀತನಿ ಹುಚ್ಚಿದ್ದವರು ಮನಿ ಪೂರ್ತೆ ನಾಲ್ಕು ಸಾಲು ಹತ್ತು ಹನ್ನೆರಡು ದಿನ ತಡಾ ಮಾಡಿ ಬಿತ್ತತಾರ, ಮಂದಿ ಯಾವಾಗ ಬಂದ್ರೂ ಸಿಗಲಿ ಅಂತ. ಮುಂದಿನ ವರ್ಷಕ್ಕ ಅದನ್ನ ಮಾಡಸ್ರಿ.

ಬೀಜದ ಬುಟ್ಟಿ:
ದಿನದ ಲೆಕ್ಕ ಸರಿ. ಆದರೆ ಚಳಿ ಜಾಸ್ತಿಯಾದ ವರ್ಷ ಕಾಳು ನಿಧಾನ ತುಂಬುತ್ತದೆ, ನಾಲ್ಕೈದು ದಿನ ಆಚೀಚೆ ಆಗಬಹುದು. ಕೊನೆಯ ಮಾತು ಉಗುರಿನದ್ದು.

ಜೋಳದ ತೆನೆ ತುದಿಯಿಂದ ಹೂ ಬಿಡಲು ಶುರುಮಾಡಿ ಕೆಳಗಿಳಿಯುತ್ತದೆ, ಬುಡ ಮುಟ್ಟಲು ಐದಾರು ದಿನ ಬೇಕು. ಹಾಗಾಗಿ ಒಂದೇ ತೆನೆಯಲ್ಲಿ ತುದಿಯ ಕಾಳು ಗಟ್ಟಿ, ಬುಡದ ಕಾಳು ಇನ್ನೂ ಹಾಲು. ತುದಿಯ ಕಾಳನ್ನು ನೋಡಿ «ಬಲಿತಿದೆ» ಎಂದು ಬಿಡುವವರೂ ತಪ್ಪುತ್ತಾರೆ, ಬುಡದ್ದನ್ನು ನೋಡಿ «ಇನ್ನೂ ಎಳೆಯದು» ಎನ್ನುವವರೂ ತಪ್ಪುತ್ತಾರೆ. ತೆನೆಯ ನಡುವಿನ ಕಾಳನ್ನೇ ತೆಗೆಯಿರಿ.

ಎರಡು ಉಗುರಿನ ನಡುವೆ ಒತ್ತಿದಾಗ ಬಿಳಿ ಹಾಲು ಚಿಮ್ಮಿದರೆ ಇನ್ನೂ ವಾರ ಬೇಕು. ಅಂಥದ್ದನ್ನು ಸುಟ್ಟರೆ ನೀರೆಲ್ಲ ಆವಿಯಾಗಿ ಬರೀ ಸಿಪ್ಪೆ ಉಳಿಯುತ್ತದೆ. ಒತ್ತಿದಾಗ ಕಲಸಿದ ಹಿಟ್ಟಿನಂತೆ ಮೆತ್ತಗೆ ಹೊರಬಂದು ಉಗುರಿಗೆ ಅಂಟಿಕೊಂಡರೆ ಅದೇ ಹದ. ಕಾಳಿನ ಬಣ್ಣ ಹಸಿರಾಗಿರಬೇಕು, ಮೇಲೆ ಹೊಳಪಿರಬೇಕು. ಬಿಳಿಚಿ ಮುತ್ತಿನಂತಾಗಿ ಉಗುರು ಇಳಿಯದಿದ್ದರೆ ಹದ ದಾಟಿತು. ಕಾಳನ್ನು ಬಿಡಿಸಿ ಬುಡದ ತೊಟ್ಟು ನೋಡಿ: ಅಲ್ಲಿ ಕಪ್ಪು ಚುಕ್ಕೆ ಕೂತಿದ್ದರೆ ಗಿಡದಿಂದ ಕಾಳಿಗೆ ಹರಿವು ನಿಂತಿದೆ ಎಂದರ್ಥ, ಅದು ಇನ್ನು ರೊಟ್ಟಿಯ ಜೋಳ.

ಸಿಹಿ ಇರುವುದು ಸಕ್ಕರೆ ಇನ್ನೂ ಪಿಷ್ಟವಾಗದೆ ಉಳಿದಿರುವಷ್ಟು ದಿನ ಮಾತ್ರ. ಹದವಾದ ಒಂದು ಹೊಲ ಹೆಚ್ಚೆಂದರೆ ಒಂದು ವಾರ ಸೀತನಿ ಕೊಡುತ್ತದೆ.

ಬೆಳಸಿ ಬುತ್ತಿ:
ಹಾವೇರಿ, ರಾಣೆಬೆನ್ನೂರು ಕಡೆ ನಾವು ಇದನ್ನು ಬೆಳಸಿ ಅಂತೀವಿ. ಸೀತನಿ ಅಂದರೆ ಸಿಹಿ ತೆನಿಯೇ ಸವೆದು ಆದ ಮಾತು, ಸೀತೆನಿ ಅಂತ ಬರೆಯೋರೂ ಇದ್ದಾರೆ. ಹೆಸರು ಏನಾದರಾಗಲಿ, ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ: ಕೊಯ್ಯುವ ಹೊತ್ತು. ನಸುಕಿನಲ್ಲೇ ಕೊಯ್ದು ತಂದು ನೆರಳಲ್ಲಿ ಇಟ್ಟುಬಿಡಬೇಕು. ಬಿಸಿಲು ಏರಿದ ಮೇಲೆ ಕೊಯ್ದ ತೆನೆಗೆ ಆ ರಸ ಇರೋದಿಲ್ಲ.

ಡೋಣಿ ದಂಡಿ:
ಒಪ್ಪಂಗಿಲ್ರಿ. ಜನವರಿ ನಸುಕಿನ್ಯಾಗ ತೆನಿ ಮ್ಯಾಲೆ ಇಬ್ಬನಿ ಹನಿ ಹನಿ ನಿಂತಿರತೈತಿ. ಹಸೀ ತೆನಿ ಕೆಂಡಕ್ಕ ಹಾಕಿದ್ರ ಮೊದಲ ಅದರ ನೀರ ಕುದೀತೈತಿ, ಬೂದಿ ಮೆತ್ತಿಕೊಂಡು ತೆನಿ ತುಂಬ ಕರೀ ರಾಡಿ. ಕಾಳ ಸುಡೂ ಬದ್ಲು ಬೇಯತಾವು. ಅಷ್ಟೊತ್ತಿಗೆ ಕೊಯ್ದು ಗುಂಪಿ ಹಾಕಿ ಇಟ್ರ ಒಳಗ ಬೆವತು ವಾಸನಿ ಹಿಡೀತಾವು. ಒಂಬತ್ತೂವರಿ ಹತ್ತಕ್ಕ ಇಬ್ಬನಿ ಆರತೈತಿ, ಆಗ ಕೊಯ್ರಿ. ಕೊಯ್ದು ಎರಡು ತಾಸಿನ್ಯಾಗ ಕೆಂಡ ಕಾಣಬೇಕು.

ಈಗ ಕುಣಿ ಮಾತು. ಎರಡು ಫೂಟು ಉದ್ದ, ಒಂದೂವರಿ ಫೂಟು ಅಗಲ, ಆಳ ಮುಕ್ಕಾಲು ಫೂಟಿನಿಂದ ಒಂದು ಫೂಟು. ಅದಕ್ಕಿಂತ ಆಳ ತೋಡಿದ್ರ ಗಾಳಿ ಆಡಂಗಿಲ್ಲ, ಕೆಂಡ ಬೂದಿ ಹೊದ್ದು ಸಾಯತೈತಿ. ಗಾಳಿ ಬರೂ ದಿಕ್ಕಿನ ಅಂಚು ಇಳಿಜಾರ ಮಾಡ್ರಿ, ಗಾಳಿ ಒಳಗ ನುಗ್ಗಬೇಕು. ಯರಿ ಹೊಲ ಜನವರಿಗೆ ಬಿರಕ ಬಿಟ್ಟಿರತೈತಿ, ಬಿರಕಿನ ಮ್ಯಾಲೆ ಕುಣಿ ಬ್ಯಾಡ, ಕೆಂಡ ಒಳಗ ಜಾರತೈತಿ. ಒಡ್ಡಿನ ಹತ್ರ ಗಟ್ಟಿ ನೆಲ ನೋಡ್ರಿ.

ಕುಳ್ಳು ಇಪ್ಪತ್ತೈದು. ಹದಿನೈದು ಮೊದಲ ಕುಣಿಯಾಗ ನಿಲ್ಲಿಸಿ ಜೋಡಸ್ರಿ, ಒಂದರ ಮ್ಯಾಲೊಂದು ಮಲಗಿಸಬ್ಯಾಡ್ರಿ. ಹೊತ್ತಸಾಕ ತೊಗರಿ ಕಟಗಿ, ಕಬ್ಬಿನ ರವದಿ. ಚಿಮಣಿ ಎಣ್ಣಿ, ಪ್ಲಾಸ್ಟಿಕ್ ಹತ್ರ ತರಬ್ಯಾಡ್ರಿ. ಆ ವಾಸನಿ ತೆನಿಗೆ ಹೋಗೂದು ನಕ್ಕಿ. ಹೊಗಿ ಪೂರಾ ನಿಂತು, ಮ್ಯಾಲೆ ತೆಳ್ಳಗ ಬಿಳೀ ಬೂದಿ, ಒಳಗ ಕೆಂಪ ಆಗಾಕ 40 ಮಿನಿಟು ಬೇಕು. ಊಟಕ್ಕ ಹನ್ನೆರಡು ಅಂದ್ರ ಹನ್ನೊಂದಕ್ಕ ಬೆಂಕಿ ಹಚ್ಚಿರಬೇಕು.

ಉಳಿದ ಹತ್ತು ಕುಳ್ಳು ಕುಣಿಯಾಗ ಹಾಕಬ್ಯಾಡ್ರಿ. ಬಾಜೂಕ ಸಣ್ಣ ಬೆಂಕಿ ಮಾಡಿ ಅಲ್ಲಿ ಹೊತ್ತಿಸಿ, ಕೆಂಡ ಆದ ಮ್ಯಾಲೆ ಸಲಿಕಿಲೆ ಕುಣಿಗೆ ಹಾಕ್ರಿ. ನಡಬರಕ ಹಸೀ ಕುಳ್ಳು ಹಾಕಿದ್ರ ಹೊಗಿ ಏಳತೈತಿ, ಮುಂದಿನ ಎರಡು ಸುತ್ತು ಕಾಳು ಕಹಿ.

ಬೆಳಸಿ ಬುತ್ತಿ:
ಇಬ್ಬನಿ ಮಾತು ಸರಿ ಇರಬಹುದು, ಆದರೆ ಮಧ್ಯಾಹ್ನದ ಬಿಸಿಲಲ್ಲಿ ಕೊಯ್ಯೋದು ಬೇಡ ಅನ್ನೋದಷ್ಟೇ ನನ್ನ ಹಟ. ಹತ್ತು ಗಂಟೆಗೆ ರಾಜಿ.

ಸ್ಲೀಪರ್ ಬಸ್:
ಒಳ್ಳೆಯದಾಯಿತು ಕೇಳಿದ್ದು. ಪಕ್ಕದ ಹೊಲದವರದ್ದು ಅಕ್ಟೋಬರ್ 10ರ ನಂತರದ ಬಿತ್ತನೆಯಂತೆ, ಅದೂ ಮಾಲದಂಡಿಯೇ. ಕೊಡುತ್ತಾರಂತೆ. ಎಷ್ಟು ತೆನೆ ಕೇಳಲಿ? ಕಟ್ಟಿಗೆ ಬೇಕಾದಷ್ಟಿದೆ, ಕುಳ್ಳಿನ ಬದಲು ಜಾಲಿ ಕಟ್ಟಿಗೆ ಆಗುವುದಿಲ್ಲವೇ?

ಕರಿಭೂಮಿ:
ಹದವಾದ ತೆನಿಗೆ ಕೈಗೆ ಬರೂ ಕಾಳ 50–70 ಗ್ರಾಂ ಅಂತ ಹಿಡೀರಿ. ಜೋಡಿ ರೊಟ್ಟಿ, ಪಲ್ಯಾ ಇದ್ರ ದೊಡ್ಡವರಿಗೆ ಮೂರು ತೆನಿ, ಹುಡುಗರಿಗೆ ಒಂದೂವರಿ. ಹನ್ನೊಂದು ಮಂದಿಗೆ 33, ಹುಡುಗರಿಗೆ ಆರು. ಸುಡೂದು ರೂಢಿ ಇಲ್ಲದವರು ಮೊದಲ ಸುತ್ತು ಕೆಡಸೂದ ಪದ್ಧತಿ, ಅದಕ್ಕ ಐದಾರು ಹೆಚ್ಚಿಗಿ. 45 ತೆನಿ ಸಾಕು. ನೂರು ಕೊಯ್ದು ಅರ್ಧಾ ಒಣಗಿಸಬ್ಯಾಡ್ರಿ, ಅವರ ಕಾಳೂ ಹೋತು, ಬಾಯಿಗೂ ಬರಲಿಲ್ಲ.

ಕೊಯ್ಯೂ ಮುಂದ ಗೇಣುದ್ದ ದಂಟು ಬಿಟ್ಟು ಕೊಯ್ರಿ, ಅದ ಹಿಡಿಕಿ. ಒಂದ ಮೂಲ್ಯಾಗಿಂದ ಕೊಯ್ರಿ, ಹೊಲ ತುಂಬ ಅಡ್ಡಾಡಿ ದಂಟು ಮುರಿಬ್ಯಾಡ್ರಿ. ಹಿಂಗಾರಿ ಜ್ವಾಳದ ಕಣಕಿಗೆ (ಒಣ ಮೇವಿಗೆ) ಕಾಳಿನಷ್ಟ ಬೆಲಿ ಐತಿ. ಇನ್ನೊಬ್ಬರ ಹೊಲ ಅಂದ ಮ್ಯಾಲೆ ಅವರ ಮನಿಯವರನ್ನೂ ಊಟಕ್ಕ ಕರೀರಿ, ರೊಕ್ಕದ ಮಾತು ಎತ್ತಬ್ಯಾಡ್ರಿ. ಹಂಗ ಕರದ್ರ ಇನ್ನೊಂದು ಹದಿನೈದು ತೆನಿ ಕೂಡಸ್ರಿ ಮತ್ತ.

ಜಾಲಿ ಕಟಗಿ ಆಗತೈತಿ, ಆದ್ರ ಕಿಚ್ಚು ಜಾಸ್ತಿ. ಮ್ಯಾಲಿನ ಹೊಟ್ಟು ಸುಟ್ಟು ಕರಿ ಆಗೂ ಹೊತ್ತಿಗೆ ಒಳಗಿನ ಕಾಳ ಹಸೀನ ಇರತೈತಿ. ಕುಳ್ಳಿನ ಕೆಂಡ ಸಾವಕಾಶ, ಒಂದ ಹದದಾಗ ಉರೀತೈತಿ, ಬೂದಿ ತೆನಿಗೆ ಹೊದಿಕಿ ಆಗತೈತಿ. ಕುಳ್ಳು ಒಣಗಿರಬೇಕು, ಮುರದ್ರ ಟಕ್ ಅಂತ ಮುರಿಬೇಕು, ಬಾಗಿದ್ರ ಹಸಿ.

ಸೊಲ್ಲಾಪುರ ಗಡಿ:
ಸುಡುವುದರ ಬಗ್ಗೆ ಎಲ್ಲರೂ ಹೇಳುತ್ತಾರೆ, ತಿಕ್ಕುವುದರ ಬಗ್ಗೆ ಯಾರೂ ಹೇಳುವುದಿಲ್ಲ. ಸೀತನಿ ಕೆಡುವುದು ಅಲ್ಲೇ.

ಐದಾರು ತೆನೆ ಒಮ್ಮೆಗೆ. ತಲೆ ಕೆಂಡದಲ್ಲಿ, ದಂಟು ಹೊರಗೆ. ಮೇಲೆ ಬಿಸಿ ಬೂದಿ ಎಳೆದು ಮುಚ್ಚಿ ಎರಡು ನಿಮಿಷ ಬಿಟ್ಟು ದಂಟು ಹಿಡಿದು ಕಾಲು ಸುತ್ತು ತಿರುಗಿಸಿ. ಹೀಗೆ ನಾಲ್ಕೈದು ನಿಮಿಷ. ಹೊಟ್ಟು ಕಂದು ಕಪ್ಪಾಗಿ, ಒಳಗಿಂದ ಸಣ್ಣಗೆ ಚಟ್ ಚಟ್ ಸದ್ದು ಶುರುವಾದ ಕೂಡಲೇ ತೆಗೆಯಬೇಕು. ಸದ್ದು ಜೋರಾಯಿತೆಂದರೆ ಕಾಳು ಒಡೆದು ಅರಳಾಗುತ್ತಿದೆ, ತಡವಾಯಿತು.

ತೆಗೆದ ತೆನೆಯನ್ನು ದಂಟು ಹಿಡಿದು ಒಂದು ಕಟ್ಟಿಗೆಗೆ ಎರಡು ಸಲ ಬಡಿದರೆ ಬೂದಿ ಉದುರುತ್ತದೆ. ಆಮೇಲೆ ದಪ್ಪ ಬಟ್ಟೆ ಅಥವಾ ಕಂಬಳಿಯ ತುಂಡು ಅಂಗೈ ಮೇಲೆ ಹರವಿ, ತೆನೆಯನ್ನು ಅದರಲ್ಲಿ ಸುತ್ತಿ ಎರಡೂ ಕೈಯಿಂದ ಹೊಸೆಯಬೇಕು. ಒತ್ತುವುದಲ್ಲ, ಬತ್ತಿ ಹೊಸೆದ ಹಾಗೆ. ಬಿಸಿ ಇದ್ದಾಗ ಹೊಟ್ಟಿನೊಳಗೆ ಆವಿ ಇರುತ್ತದೆ, ಕಾಳು ಸಡಿಲವಾಗಿ ಜಾರಿ ಬರುತ್ತದೆ. ಆರಿದರೆ ಹೊಟ್ಟು ಕಾಳಿಗೆ ಬಿಗಿಯುತ್ತದೆ. ಆಗ ಬಲ ಹಾಕಿದರೆ ಕಾಳು ಜಜ್ಜಿ ಮುದ್ದೆ. ಕೆಂಡದಿಂದ ಕೈಗೆ ಒಂದು ನಿಮಿಷಕ್ಕಿಂತ ಹೆಚ್ಚು ಅಂತರ ಬೇಡ. ಅದಕ್ಕೇ ಸುಡುವವನೊಬ್ಬ, ತಿಕ್ಕುವವರು ಇಬ್ಬರು, ಕೇರುವವರು ಒಬ್ಬರು ಇರಬೇಕು. ಒಬ್ಬನೇ ಎಲ್ಲ ಮಾಡಲು ಹೋದರೆ ಎರಡನೇ ಸುತ್ತಿನ ತೆನೆ ಕುಣಿಯಲ್ಲಿ ಕರಕಲು, ಮೊದಲ ಸುತ್ತಿನದು ಬಟ್ಟೆಯಲ್ಲಿ ತಣ್ಣಗೆ.

ಬಟ್ಟೆ ಬಿಡಿಸಿದಾಗ ಹಸಿರು ಮಣಿಗಳ ಜೊತೆ ಹೊಟ್ಟು, ಸುಂಕು (ತೆನೆಯ ಚುಚ್ಚುವ ಸಣ್ಣ ಕೂದಲು), ಬೂದಿ ಎಲ್ಲ ಇರುತ್ತದೆ. ಮೊರದಲ್ಲಿ ಹಾಕಿ ಗಾಳಿಗೆ ಬೆನ್ನು ಮಾಡಿ ನಿಂತು ಎರಡು ಸಲ ಕೇರಿದರೆ ಹೊಟ್ಟು ಹಾರುತ್ತದೆ. ಹಸಿ ಕಾಳು ತೂಕ ಇರುವುದರಿಂದ ಕಾಳು ಹಾರುವುದಿಲ್ಲ. ಸುಂಕು ಮಾತ್ರ ಕಾಳಿನ ತೇವಕ್ಕೆ ಅಂಟಿಕೊಂಡಿರುತ್ತದೆ. ಒಣ ಬಟ್ಟೆಯ ಮೇಲೆ ಅರ್ಧ ನಿಮಿಷ ಹರವಿ ಕೈಯಾಡಿಸಿ ಇನ್ನೊಮ್ಮೆ ಕೇರಬೇಕು. ಈ ಎರಡನೇ ಕೇರು ತಪ್ಪಿಸಿದರೆ ರಾತ್ರಿಯವರೆಗೆ ಗಂಟಲು ಕೆರೆಯುತ್ತದೆ.

ಇನ್ನೊಂದು: ಮಾಲದಂಡಿ ರೊಟ್ಟಿಗೆ ಅರಸ, ಸೀತನಿಗೆ ನಡುವಂತರ. ಅದು ಮಹಾರಾಷ್ಟ್ರದ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಜೋಳದಿಂದ ಆಯ್ದು ತೆಗೆದ ಎಂ 35-1 ತಳಿ. ಹೊಟ್ಟು ಬಿಗಿ, ಸುಂಕು ಜಾಸ್ತಿ. ನಮ್ಮ ಕಡೆ ಹುರಡಾಕ್ಕೆಂದೇ (ಸೀತನಿಗೆ ಮರಾಠಿ ಹೆಸರು) ಸುರತಿ ಜೋಳ ಬಿತ್ತುತ್ತಾರೆ. ರಾಹುರಿ ಕೃಷಿ ವಿದ್ಯಾಪೀಠದ ಫುಲೆ ಉತ್ತರಾ, ಫುಲೆ ಮಧುರ್ ಸಹ ಅದಕ್ಕೆಂದೇ ಬಂದ ತಳಿಗಳು. ಹೊಟ್ಟು ಸಡಿಲ, ಕಾಳು ಸಿಹಿ, ಎರಡು ತಿಕ್ಕಿಗೆ ತೆನೆ ಬೋಳು.

ಡೋಣಿ ದಂಡಿ:
ನಮ್ಮಲ್ಲೂ ಸಕ್ಕರಿ ಮುಕ್ಕರಿ ಅಂತ ಜ್ವಾಳ ಐತ್ರಿ, ಸೀತನಿಗೆ ಅದರ ಮುಂದ ಯಾವುದೂ ಇಲ್ಲ. ಹಕ್ಕಿಗೂ ಅದು ಗೊತ್ತೈತಿ, ಅದ ತೊಂದ್ರಿ. ಗಿಳಿ ಮೊದಲ ಅಲ್ಲೇ ಇಳೀತಾವು. ಆದ್ರ ಮಾಲದಂಡಿಗೆ ನಡುವಂತರ ಅನ್ನಬ್ಯಾಡ್ರಿ, ಡೋಣಿ ಹರಿದ್ರ ಓಣೆಲ್ಲ ಜ್ವಾಳ ಅನ್ನೂ ಸೀಮಿ ಇದು. ಹದ ಹಿಡದ್ರ ಅದೂ ಸಿಹೀನ.

ಬೆಳಸಿ ಬುತ್ತಿ:
ತಿಕ್ಕೋಕೆ ಆಗದವರಿಗೆ ಇನ್ನೊಂದು ದಾರಿ: ಏಳೆಂಟು ತೆನೆ ಸುಟ್ಟ ಕೂಡಲೇ ಗೋಣಿತಟ್ಟಿನ ಚೀಲಕ್ಕೆ ಹಾಕಿ, ಬಾಯಿ ಹಿಡಿದು, ಮೇಲಿಂದ ಕೋಲಿನಲ್ಲಿ ಹಗುರಾಗಿ ಬಡಿಯೋದು. ಬೇಗ ಆಗುತ್ತೆ, ಕೈ ಸುಡೋದಿಲ್ಲ. ಕಾಳು ಸ್ವಲ್ಪ ಒಡೆಯುತ್ತೆ ಅನ್ನೋದು ನಿಜ. ಇಪ್ಪತ್ತು ಮಂದಿ ಮೇಲಿದ್ದರೆ ಇದೇ ಸರಿ. ಗೊಬ್ಬರದ ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಬಿಸಿ ತೆನೆಗೆ ಕರಗುತ್ತೆ. ಸೆಣಬಿನದ್ದೇ ಆಗಬೇಕು, ಅದೂ ಗೊಬ್ಬರ, ಔಷಧಿ ಕಾಣದ್ದು.

ಒಳ್ಳು ಒನಕಿ:
ಬರೇ ಕಾಳ ಬುಟ್ಟಿಗೆ ಹಾಕಿ ಕೊಟ್ರ ನಾಲ್ಕು ಮುಕ್ಕಿಗೆ ಬಾಯಿ ಬ್ಯಾಸರ. ಸೀತನಿಗೆ ಜೋಡು ಬೇಕು. ಎಲ್ಲಾ ಶನಿವಾರ ಸಂಜೀಕ ಮಾಡಿ ಇಟ್ಟುಬಿಡ್ರಿ, ರವಿವಾರ ಒಲೀ ಮುಂದ ಯಾರೂ ನಿಂದರಬಾರದು.

ಶೇಂಗಾ ಹಿಂಡಿ: ಕಾಲು ಕಿಲೋ ಶೇಂಗಾ ಸಣ್ಣ ಉರಿ ಮ್ಯಾಲೆ ಹುರೀರಿ, ಹನ್ನೆರಡು ಹದಿನೈದು ಮಿನಿಟು ಹಿಡೀತೈತಿ. ದೊಡ್ಡ ಉರಿ ಮಾಡಿದ್ರ ಮ್ಯಾಲೆ ಕರಿ, ಒಳಗ ಹಸಿ; ಹಸೀ ಶೇಂಗಾ ಹಿಂಡಿ ಮರುದಿನಕ್ಕ ಕಮಟ. ಪೂರಾ ಆರಿಸಿ ಸಿಪ್ಪಿ ತಗೀರಿ. ಬಳ್ಳೊಳ್ಳಿ ಹನ್ನೆರಡು ಎಸಳು, ಕೆಂಪ ಖಾರ ಎರಡು ಚಮಚಾ, ಜೀರಗಿ ಒಂದು ಚಮಚಾ, ಉಪ್ಪು, ನೆಲ್ಲಿಕಾಯಿಯಷ್ಟು ಬೆಲ್ಲ. ಮೊದಲ ಬಳ್ಳೊಳ್ಳಿ, ಉಪ್ಪು, ಜೀರಗಿ, ಖಾರ ಕುಟ್ರಿ. ಶೇಂಗಾ ಕೊನೀಗೆ. ಒಳ್ಳಿನ್ಯಾಗ ಆದ್ರ ಎಣ್ಣಿ ಬಿಡೂ ಮಟ ಕುಟ್ಟಬೇಕು, ಹಿಂಡಿ ಮುಟಗಿ ಹಿಡದ್ರ ಉಂಡಿ ಆಗಬೇಕು, ಬಿಟ್ರ ಉದುರಬೇಕು. ಮಿಕ್ಸರ್ ಆದ್ರ ಒತ್ತಿ ಬಿಡೂದು, ಒತ್ತಿ ಬಿಡೂದು. ಒಂದ ಸಮ ತಿರುವಿದ್ರ ಬೆಣ್ಣಿ ಆಗಿ ಬಿಡತೈತಿ, ಆಮ್ಯಾಲೆ ಏನೂ ಮಾಡಾಕ ಬರಂಗಿಲ್ಲ.

ಗುರೆಳ್ಳು ಹಿಂಡಿ ಹಿಂಗ, ಆದ್ರ ಗುರೆಳ್ಳು ಹುರಿಯೂ ಮೊದಲ ಜರಡಿ ಹಿಡೀರಿ, ಸಣ್ಣ ಹರಳ ಇರತಾವು. ಚಟ್ ಅಂದ ಕೂಡಲೆ ಇಳಸ್ರಿ. ಅಗಸಿದೂ ಮಾಡಬಹುದು. ಮಹಾಲಿಂಗಪುರದ ಬೆಲ್ಲ ಸಿಕ್ರ ಪುಡಿ ಮಾಡಿ ಒಂದು ಬಟ್ಟಲ ಬ್ಯಾರೆ ಇಡ್ರಿ, ಹುಡುಗರು ಬಿಸಿ ಸೀತನಿ ಜೋಡಿ ಅದನ್ನ ತಿಂತಾವು. ಗಟ್ಟಿ ಮೊಸರು ಒಂದೂವರಿ ಲೀಟರ್, ತೆಳ್ಳನ ಮಜ್ಜಿಗಿ ಮೂರು ಲೀಟರ್. ರಂಜಕ (ಕೆಂಪ ಮೆಣಸಿನಕಾಯಿ ಚಟ್ನಿ) ಮನ್ಯಾಗ ಇದ್ರ ತರ್ರಿ, ಅದಕ್ಕಂತ ಮಾಡಬ್ಯಾಡ್ರಿ.

ಕೊನೀ ಸುತ್ತು ಮುಗಿದ ಮ್ಯಾಲೆ ಕೆಂಡ ಸುಮ್ನ ಕೂಡ್ರಸಬ್ಯಾಡ್ರಿ. ದುಂಡು ಬದನಿಕಾಯಿ ಆರು, ಮ್ಯಾಲೆ ಎರಡೆರಡು ತೂತು ಚುಚ್ಚಿ ಬೂದಿಯಾಗ ಹುಗೀರಿ. ಚುಚ್ಚಲಿಲ್ಲಂದ್ರ ಡಬ್ ಅಂತ ಸಿಡೀತಾವು. 20–25 ಮಿನಿಟಿಗೆ ಮೆತ್ತಗ ಆಗತಾವು. ಸಿಪ್ಪಿ ತಗದು ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಉಪ್ಪು, ಮೊಸರು ಹಾಕಿ ಹಿಚಕ್ರಿ. ಜ್ವಾಳದ ರೊಟ್ಟಿ ಮುಂಜಾನೆ ಬಡದು ಬಟ್ಟ್ಯಾಗ ಸುತ್ತಿ ಒಯ್ರಿ, ತಲೀಗೆ ಒಂದೂವರಿ ರೊಟ್ಟಿ ಸಾಕು, ಸೀತನಿ ದಿನ ರೊಟ್ಟಿ ಉಳೀತಾವು. ಬದುವಿನ ಮ್ಯಾಲೆ ಹಕ್ಕರಿಕಿ ಸೊಪ್ಪು ಸಿಕ್ರ ಕಿತ್ತು ತೊಳದು ಹಂಗ ಕಡಕೋರಿ.

ಕರಿಭೂಮಿ:
ಪಕ್ಕದ ಹೊಲದಾಗ ಕಡ್ಲಿ ಇದ್ರ ಸುಲಗಾಯಿ ಗಿಡ ಸಮೇತ ಕಿತ್ತು ಅದ ಕೆಂಡದ ಮ್ಯಾಲೆ ಒಗೀರಿ. ಎಲಿ ಸುಟ್ಟು ಹೋಗತೈತಿ, ಕಾಯಿ ಉಳೀತಾವು. ಎರಡು ಮಿನಿಟಿನ ಕೆಲಸ. ಗೋದಿ ಉಂಬಿ ಅಷ್ಟೊತ್ತಿಗೆ ಬಂದಿರಂಗಿಲ್ಲ, ಅದು ಫೆಬ್ರುವರಿ ಮಾತು.

ಬೀಜದ ಬುಟ್ಟಿ:
ತಿನ್ನುವ ಮಾತಿನ ನಡುವೆ ಎರಡು ಎಚ್ಚರಿಕೆ.

ಹಿಂಗಾರಿ ಜೋಳಕ್ಕೆ ಮೊದಲು ಔಷಧಿ ಹೊಡೆಯುತ್ತಿದ್ದುದು ಕಡಿಮೆ. ಈಗ ಹಾಗಲ್ಲ. 2018ರಲ್ಲಿ ಶಿವಮೊಗ್ಗ ಕಡೆ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಜೋಳಕ್ಕೂ ಬೀಳುತ್ತದೆ, ಸುಳಿಗೆ ಎಮಾಮೆಕ್ಟಿನ್ ಎಂಬ ಕೀಟನಾಶಕ ಹೊಡೆಯುವವರಿದ್ದಾರೆ. ಅದು ಸಾಮಾನ್ಯವಾಗಿ ಎಳೆ ಬೆಳೆಗೆ, ತೆನೆ ಬರುವ ಮೊದಲೇ. ತೆನೆ ಬಂದ ಮೇಲೆ ಸಸ್ಯಹೇನಿಗೆ ಏನಾದರೂ ಹೊಡೆದಿದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಹೊಡೆದಿದ್ದರೆ ಡಬ್ಬಿಯ ಮೇಲೆ ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ, ಅಷ್ಟು ದಿನ ಆಗಿರಲೇಬೇಕು. ಸುಟ್ಟರೆ ವಿಷ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾಳಿನ ಜಾಗದಲ್ಲಿ ಕಪ್ಪು ಪುಡಿ ತುಂಬಿದ ತೆನೆ ಕಾಡಿಗೆ ರೋಗದ್ದು. ಮುಟ್ಟಿದರೆ ಜಿಗುಟು ಜಿಗುಟಾದದ್ದು ಹೇನಿನ ಅಂಟು ಇರಬಹುದು. ಎರಡನ್ನೂ ಬಿಡಿ.

ಇನ್ನೊಂದು ದನಗಳದ್ದು. ಪಟ್ಟಣದಿಂದ ಬಂದ ಮಕ್ಕಳು ಹಸಿರು ಕಂಡಲ್ಲಿ ಕಿತ್ತು ಎತ್ತಿನ ಬಾಯಿಗೆ ಹಿಡಿಯುತ್ತವೆ. ಎಳೆ ಜೋಳದ ಗಿಡ, ಕೊಯ್ದ ಕೂಳೆಯಿಂದ ಚಿಗುರಿದ ಕುಡಿ, ನೀರಿಲ್ಲದೆ ಬಾಡಿದ ಎಳೆ ಎಲೆ: ಇವುಗಳಲ್ಲಿ ದುರಿನ್ ಎಂಬ ಅಂಶವಿರುತ್ತದೆ, ದನದ ಹೊಟ್ಟೆಯಲ್ಲಿ ಅದು ಸಯನೈಡ್ ಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ಉಬ್ಬಿ, ಏದುಸಿರು ಬಂದು ದನ ಬೀಳುತ್ತದೆ. ತೆನೆ ತುಂಬಿದ ಗಿಡದಲ್ಲಿ ಇದು ಕಡಿಮೆ. ಆದರೂ ಮೇವು ಹಾಕುವ ಕೆಲಸ ದನದ ಯಜಮಾನರಿಗೇ ಬಿಡಿ.

ಸ್ಲೀಪರ್ ಬಸ್:
ಇದು ನಿಜಕ್ಕೂ ಗೊತ್ತಿರಲಿಲ್ಲ. ಪಕ್ಕದವರು ಈ ಸಲ ಏನೂ ಹೊಡೆದಿಲ್ಲವಂತೆ. ಮೂರು ಪ್ರಶ್ನೆ ಉಳಿದಿವೆ. ಮಾವನವರಿಗೆ ಹಲ್ಲು ಕಡಿಮೆ, ತಿನ್ನಬಹುದೇ? ಮಕ್ಕಳಲ್ಲಿ ಒಂದಕ್ಕೆ ಎರಡು ವರ್ಷ. ಮತ್ತು ಸೀತನಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುತ್ತಾರಲ್ಲ?

ಒಳ್ಳು ಒನಕಿ:
ಹಿರ್‍ಯಾರಿಗೆ ತುದೀ ಕಾಳ ಬಿಟ್ಟು ತೆನಿ ಬುಡದ ಕಾಳ ತಗದು ಕೊಡ್ರಿ, ಅವು ಎಳೇವು, ನಾಲಿಗಿ ಮ್ಯಾಲೆ ಮೆತ್ತಗ ಆಗತಾವು. ಇಲ್ಲಂದ್ರ ಒಳ್ಳಿನ್ಯಾಗ ಎರಡು ಪೆಟ್ಟು ಹಾಕಿ ಮೊಸರು, ಉಪ್ಪು ಕಲಸ್ರಿ. ಎರಡು ವರ್ಷದ ಕೂಸಿಗೆ ಇಡೀ ಕಾಳ ಬ್ಯಾಡ, ಉಸಿರಿನ ನಳಿಗೆ ಹೋದೀತು. ಅದಕ್ಕೂ ಜಜ್ಜಿ ಮೊಸರಿನ್ಯಾಗ ಒಂದೆರಡು ಚಮಚಾ. ಸುಂಕ ಇರಲಾರದಂಗ ಎರಡು ಸಲ ನೋಡ್ರಿ.

ಹೊಟ್ಟಿ ಉಬ್ಬೂದು ಹಸೀ ಕಾಳ ಹೆಚ್ಚಿಗಿ ತಿಂದವರಿಗೆ, ಅಗೀಲಾರದ ನುಂಗಿದವರಿಗೆ. ನಡುನಡುವ ನೀರು ಕುಡೀಬ್ಯಾಡ್ರಿ ಅಂತ ಹಿರ್‍ಯಾರು ಹೇಳತಿದ್ರು. ಮುಗಿದ ಮ್ಯಾಲೆ ಹಸಿ ಶುಂಠಿ, ಜೀರಗಿ ಹಾಕಿದ ಮಜ್ಜಿಗಿ ಒಂದು ಗ್ಲಾಸು. ಸಂಜೀಕ ಏನೂ ಬ್ಯಾಡ, ಬಸ್ಸಿನ್ಯಾಗ ನಿದ್ದಿ ಬರತೈತಿ.

ಸೊಲ್ಲಾಪುರ ಗಡಿ:
ಮಕ್ಕಳಿಗೆ ತುಂಬು ತೋಳಿನ ಅಂಗಿ ಹಾಕಿಸಿ. ಸುಂಕು ಮೊಣಕೈ ಒಳಗೆ, ಕುತ್ತಿಗೆಗೆ ತಾಗಿದರೆ ಕೆಂಪಗೆ ಕೆರೆತ. ಹೊಲಕ್ಕಿಳಿಯುವ ಮೊದಲು ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಕಡಿಮೆ. ಕೇರುವ ಜಾಗಕ್ಕೂ ಜಮಖಾನೆ ಹಾಸಿದ ಜಾಗಕ್ಕೂ ಹತ್ತು ಹೆಜ್ಜೆ ಅಂತರ ಇರಲಿ, ಅದೂ ಜಮಖಾನೆ ಗಾಳಿ ಬೀಸಿ ಬರುವ ದಿಕ್ಕಿಗಿರಲಿ. ಇದೊಂದನ್ನು ಮರೆತರೆ ಊಟದ ತಟ್ಟೆಯಲ್ಲೆಲ್ಲ ಹೊಟ್ಟು.

ಡೋಣಿ ದಂಡಿ:
ಬೆಂಕಿ ಮಾತು ಯಾರೂ ತಗೀಲಿಲ್ಲ. ಜನವರಿ ಮಧ್ಯಾಹ್ನ ಗಾಳಿ ಏಳತೈತಿ, ಜ್ವಾಳದ ಕೆಳಗಿನ ಎಲಿ ಒಣಗಿ ರವದಿ ಆಗಿರತಾವು. ಕುಣಿಯಿಂದ ನಿಂತ ಬೆಳಿಗೆ ಇಪ್ಪತ್ತು ಫೂಟು, ಬಣವಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ದೂರ. ಕುಣಿ ಸುತ್ತ ಕಸ, ಕೂಳಿ ಕೆರೆದು ಬೋಳು ಮಾಡ್ರಿ. ಎರಡು ಕೊಡ ನೀರು, ತೊಯ್ಸಿದ ಒಂದು ಗೋಣಿತಟ್ಟು ಕೈಗೆ ಸಿಗೂವಂಗ ಇಡ್ರಿ.

ಮುಗಿದ ಮ್ಯಾಲೆ ಬರೇ ಮಣ್ಣು ಎಳದು ಬರಬ್ಯಾಡ್ರಿ. ಕುಳ್ಳಿನ ಕೆಂಡ ಬೂದಿ ಒಳಗ ಮರುದಿನ ಮುಂಜಾನೆ ಮಟ ಜೀವಾ ಹಿಡಿದಿರತೈತಿ, ನಾಯಿ ಕೆದರಿದ್ರ, ಗಾಳಿ ಬೀಸಿದ್ರ ಮತ್ತ ಏಳತೈತಿ. ಮೊದಲ ಸಲಿಕಿಲೆ ಕೆದರಿ ಹರವಿ, ನೀರು ಹಾಕಿ, ಚುರ್ ಅನ್ನೂದು ನಿಂತ ಮ್ಯಾಲೆ ಇನ್ನೊಮ್ಮೆ ಕೆದರಿ ನೀರು, ಆಮ್ಯಾಲೆ ಮಣ್ಣು. ಬದನಿಕಾಯಿ ಎಣಸಿಕೊಂಡು ತಗೀರಿ ಮತ್ತ, ಒಂದು ಒಳಗ ಉಳೂದು ಯಾವಾಗ್ಲೂ ಇದ್ದದ್ದ.

ಸ್ಲೀಪರ್ ಬಸ್:
ಕೊನೆಯದಾಗಿ: ಬೆಂಗಳೂರಿಗೆ ಒಂದಿಷ್ಟು ತರಬಹುದೇ? ಹಸಿ ತೆನೆ ತಂದು ಗ್ಯಾಸ್ ಮೇಲೆ ಸುಟ್ಟರೆ?

ಬೀಜದ ಬುಟ್ಟಿ:
ಹಸಿ ತೆನೆ ಬೇಡ. ಕೊಯ್ದ ಮೇಲೂ ಕಾಳು ಉಸಿರಾಡುತ್ತಿರುತ್ತದೆ, ಇರುವ ಸಕ್ಕರೆಯನ್ನು ತಾನೇ ಖರ್ಚು ಮಾಡುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಸಿಹಿ ಇಳಿದಿರುತ್ತದೆ. ಗ್ಯಾಸಿನ ಉರಿ ತೆನೆಯ ಹೊರಗನ್ನು ಮಾತ್ರ ಸುಡುತ್ತದೆ. ಕುಕ್ಕರಿನಲ್ಲಿ ಬೇಯಿಸಿ ತಿಕ್ಕಿದರೆ ಕಾಳು ಬರುತ್ತದೆ, ಕೆಂಡದ ಕಂಪು ಬರುವುದಿಲ್ಲ. ಸುಟ್ಟು ಕೇರಿದ ಕಾಳನ್ನೇ ತನ್ನಿ.

ಒಳ್ಳು ಒನಕಿ:
ತರೂದಾದ್ರ ಬಿಸಿ ಇದ್ದಾಗ ಡಬ್ಬಿ ಮುಚ್ಚಬ್ಯಾಡ್ರಿ. ಮುಚ್ಚಳದ ಒಳಗ ಬೆವರು ಹನಿ ಬಿದ್ದು ಮುಂಜಾನೆ ಬಸ್ ಇಳಿಯೂದರಾಗ ಹುಳಿ ವಾಸನಿ. ಸಂಜಿ ಮಟ ಬಟ್ಟಿ ಮ್ಯಾಲೆ ನೆರಳಿಗೆ ಹರವಿ, ಕೈಗೆ ಪೂರಾ ತಣ್ಣಗ ಹತ್ತಿದ ಮ್ಯಾಲೆ ಹತ್ತಿ ಬಟ್ಟಿ ಚೀಲಕ್ಕ ಹಾಕಿ, ಬ್ಯಾಗಿನ ಮ್ಯಾಲಿನ ಭಾಗದಾಗ ಇಡ್ರಿ. ಮನೀಗೆ ಹೋದ ಕೂಡಲೆ ಫ್ರಿಜ್, ಎರಡು ದಿನದಾಗ ಮುಗಸ್ರಿ. ತಿನ್ನೂ ಮುಂದ ದಪ್ಪ ಹಂಚಿನ ಮ್ಯಾಲೆ ನಾಲ್ಕು ಹನಿ ನೀರು ಚಿಮಕಿಸಿ ಮುಚ್ಚಿ ಒಂದು ಮಿನಿಟು. ಇನ್ನೂ ಉಳದ್ರ ಮೂರು ದಿನ ಬಿಸಿಲಿಗೆ ಹಾಕಿ, ತಾಟಿಗೆ ಹಾಕಿದ್ರ ಖಣ ಖಣ ಅನ್ನಬೇಕು, ಅಲ್ಲೀತನಕ ಒಣಗಿಸಿ ಡಬ್ಬಿಗೆ ತುಂಬ್ರಿ. ಮಳಿಗಾಲದಾಗ ರಾತ್ರಿ ನೆನಸಿಟ್ಟು ಉಸುಳಿ ಮಾಡಾಕ ಬರತೈತಿ.

ಕರಿಭೂಮಿ:
ಹಿಂಡಿ ಡಬ್ಬಿ ಬ್ಯಾರೆ ಇಡ್ರಿ ಅಕ್ಕಾರ. ಸೀತನಿಗೆ ಕಲಸಿ ಒಯ್ದ್ರ ಉಪ್ಪಿಗೆ ನೀರು ಬಿಡತೈತಿ.